ದಾರದ ಬಾಲ

ಕಿವುಡ ಅಪ್ಪನಿಗೆ ಗುಟ್ಟು ಹೇಳುವುದು ಎಂಥ ಫಜೀತಿ ಅನ್ನುವುದು ಅಂಥ ಅಪ್ಪನಿದ್ದವರಿಗೇ ಗೊತ್ತು. ಗುಟ್ಟು ಅಂದ ಮೇಲೆ ಪಿಸುಗುಡಬೇಕು. ಪಿಸುಗುಟ್ಟಿದರೆ ಅವನಿಗೆ ಕೇಳಿಸದು. ಕೇಳಿಸುವ ಹಾಗೆ ಹೇಳಿದರೆ ಬೀದಿಯ ಕೊನೆಯ ಮನೆಯವರೂ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಹಾಗಾಗಿ ಪ್ಲಂಬರನ ಮಗಳು ಅಪ್ಪನಿಗೆ ಹೇಳಬೇಕಾದ ಗುಟ್ಟುಗಳನ್ನು ಹೇಳುವ ಗೋಜಿಗೇ ಹೋಗದೆ ಬೆಳೆದಿದ್ದಳು.

ಅಪ್ಪ ಅವಳನ್ನು ಕರೆಯುತ್ತಿದ್ದದ್ದು ವಾಷರ್ ಅಂತ. ಹುಟ್ಟಿದಾಗ ಗುಂಡಗೆ ಅಂಗೈಯಗಲ ಇದ್ದಳಂತೆ. ಕೈಗೆತ್ತಿಕೊಂಡ ಪ್ಲಂಬರನ ಬಾಯಿಗೆ ಇನ್ನೇನು ಬಂದೀತು. ಈಗ ಇಪ್ಪತ್ತಮೂರರ ಹೆಣ್ಣು, ಅಪ್ಪನಿಗಿಂತ ಒಂದು ಗೇಣು ಎತ್ತರ, ಎರಡಿಂಚಿನ ಕಬ್ಬಿಣದ ಪೈಪನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವವಳು. ಆದರೂ ವಾಷರ್ ವಾಷರೇ. ಅಮ್ಮ ಇವಳು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಅಂಗಡಿಯ ಗೋಡೆಗೆ ದಪ್ಪದ ಪ್ರಕಾರ ಜೋಡಿಸಿದ ಪೈಪುಗಳು, ನಡುವೆ ಪೈಪು ಕಚ್ಚಿ ಹಿಡಿಯುವ ತಿರುಪಿನ ಇಕ್ಕಳ ಬಿಗಿದ ಮರದ ಮೇಜು, ಎಲ್ಲಕ್ಕೂ ತುಕ್ಕು ಮತ್ತು ಪುಟ್ಟಿಯ ವಾಸನೆ. ಅಪ್ಪ ಮಗಳು ಇಬ್ಬರಿಗೇ ಒಂದು ಲೋಕ.

ನಲ್ಲಿ ರಿಪೇರಿ ಮಾಡುವವರು ಗಲ್ಲಿಗೊಬ್ಬರು ಸಿಗುತ್ತಾರೆ. ಇವರ ಹೆಚ್ಚುಗಾರಿಕೆ ಬೇರೆ. ದೊಡ್ಡ ಟ್ಯಾಂಕು, ಈಜುಕೊಳಗಳ ನೀರನ್ನು ಖಾಲಿ ಮಾಡಿಸದೆ, ಉಸಿರು ಹಿಡಿದು ತಳಕ್ಕೆ ಮುಳುಗಿ, ಬಿಗಿಯಬೇಕಾದ್ದನ್ನು ಬಿಗಿದು ಬರುವುದು. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೆ ಇನ್ನೊಬ್ಬರು ಮೇಲೆ ಹಗ್ಗ ಹಿಡಿದು ನಿಲ್ಲಬೇಕು. ಕೆಳಗಿನವರು ಒಂದು ಸಲ ಎಳೆದರೆ ಚೆನ್ನಾಗಿದ್ದೇನೆ ಅಂತ. ಎರಡು ಸಲ ಎಳೆದರೆ ಹಗ್ಗ ಸಡಿಲಿಸು ಅಂತ. ಮೂರು ಸಲ ಎಳೆದರೆ ಎಲ್ಲ ಬಿಟ್ಟು ಬಾ ಅಂತ. ಹೇಳುವುದೆಲ್ಲ ಕೆಳಗಿನವರದು, ಮೇಲಿದ್ದವರು ತಿರುಗಿ ಉತ್ತರ ಕೊಡುವ ರೂಢಿಯಿಲ್ಲ. ಕಟ್ಟಡಗಳ ಒಳಗೆ ಕೆಲಸವಿದ್ದಾಗ ಹಗ್ಗದ ಬದಲು ಪೈಪು. ಮೇಲಿನ ಮಹಡಿಯಲ್ಲಿ ಮಗಳು ಬೋಲ್ಟು ಬಿಗಿಯುವ ಪಾನಾದಿಂದ ಪೈಪಿಗೆ ಬಡಿದರೆ ಕೆಳಗೆ ಅಪ್ಪ ಅದರ ಮೇಲೆ ಅಂಗೈಯಿಟ್ಟು ತಿಳಿದುಕೊಳ್ಳುತ್ತಿದ್ದ. ಕಿವಿ ಹೋದ ಮೇಲೆ ಅವನ ಅಂಗೈಯೇ ಕಿವಿ.

ಕಿವಿ ಹೋದದ್ದೂ ನೀರಿನಲ್ಲೇ. ಮಗಳು ಚಿಕ್ಕವಳಿದ್ದಾಗ ಆಳದ ಟ್ಯಾಂಕೊಂದರಲ್ಲಿ ಎಡಗಿವಿಯ ತಮಟೆ ಹರಿದಿತ್ತು. ಬಲಗಿವಿಗೆ ಹತ್ತಿರ ನಿಂತು ಕಿರುಚಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಎದುರಿದ್ದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಇನ್ನೊಮ್ಮೆ ಮುಳುಗಿದರೆ ತಲೆ ತಿರುಗಿ ಮೇಲ್ಯಾವುದು ಕೆಳಗ್ಯಾವುದು ಅನ್ನುವುದೇ ಗೊತ್ತಾಗದೆ ಅಲ್ಲೇ ಉಳಿದುಬಿಡುತ್ತೀರಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬೆಳೆದು ನಿಂತ ಮೇಲೆ ಇಳಿಯುವವಳು ವಾಷರ್.

ಇಳಿಯುವವಳು ಹೆಣ್ಣು. ಹೆಣ್ಣಿಗೆ ತಿಂಗಳಲ್ಲಿ ಕೆಲವು ದಿನ ನೀರಿಗಿಳಿಯಲಾಗದು. ಇಷ್ಟು ಸರಳವಾದ ಮಾತನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ.

ಹನ್ನೆರಡು ತುಂಬಿದಾಗ ಒಂದು ಬೆಳಿಗ್ಗೆ ಅವಳು ಬಚ್ಚಲಿನಲ್ಲಿ ಕೂತು ಅತ್ತಿದ್ದಳು. ಅಪ್ಪ ಬಾಗಿಲು ತಳ್ಳಿ ಏನೆಂದು ಕೇಳಿದ. ಅವಳು ಲಂಗ ತೋರಿಸಿದಳು. ಅಪ್ಪ ನೋಡಿದ, ಕಿವಿಯವರೆಗೂ ಕೆಂಪಾದ, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಕತ್ತಲಾಗುವವರೆಗೂ ಬರಲಿಲ್ಲ. ಬಂದವನು ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಅವಳ ಮಂಚದ ಮೇಲಿಟ್ಟು, ಮುಖ ನೋಡದೆ, ಅಂಗಡಿಗೆ ಹೋಗಿ ಏನನ್ನೋ ಅರದಿಂದ ಉಜ್ಜತೊಡಗಿದ. ಅಂದಿನಿಂದ ಪ್ರತಿ ತಿಂಗಳೂ ಬಿಸಿನೀರಿನ ಬಾಯ್ಲರಿನ ಮೇಲೆ ಪೇಪರಿನ ಪೊಟ್ಟಣ ತಾನಾಗಿ ಬಂದು ಕೂರುತ್ತಿತ್ತು. ಒಮ್ಮೆ ಅವಳು ಔಷಧಿ ಅಂಗಡಿಯ ಎದುರು ಹಾದುಹೋಗುವಾಗ ಅಪ್ಪ ಅದನ್ನು ಕೊಳ್ಳುವುದನ್ನು ಕಂಡಿದ್ದಳು. ಬಾಯಿ ಬಿಡದೆ, ಕಪಾಟಿನ ಕಡೆ ಬೆರಳು ಮಾಡಿ ತೋರಿಸಿ, ತಲೆ ತಗ್ಗಿಸಿ ನಿಂತಿದ್ದ. ಅಪ್ಪನಿಗೆ ತನ್ನಿಂದ ಹೇಸಿಗೆ ಎಂದು ಅವಳು ಅಂದೇ ತೀರ್ಮಾನಿಸಿಕೊಂಡಳು. ಮಕ್ಕಳ ತೀರ್ಮಾನಗಳು ಕಾಂಕ್ರೀಟಿನ ಹಾಗೆ, ಒಮ್ಮೆ ಗಟ್ಟಿಯಾದರೆ ಒಡೆಯಲು ಸುತ್ತಿಗೆ ಬೇಕು.

ಆ ದಿನಗಳಲ್ಲಿ ಮುಳುಗುವ ಕೆಲಸ ಬಂದರೆ ಅವಳು ಸುಳ್ಳು ಹೇಳುತ್ತಿದ್ದಳು. ನೆಗಡಿ, ಹೊಟ್ಟೆ ಕೆಟ್ಟಿದೆ, ಕಾಲು ಉಳುಕಿದೆ. ಅಪ್ಪ ಕೆಲಸ ಮುಂದೂಡುತ್ತಿದ್ದ. ಆದರೆ ಹೋದ ಸಲ ಮುಂದೂಡಲಾಗದ ಕೆಲಸ ಬಂತು. ಆಸ್ಪತ್ರೆಯೊಂದರ ಟ್ಯಾಂಕು. ಇವಳು ನೆಗಡಿ ಅಂದಳು. ಸರಿ, ಮಲಗಿಕೋ ಅಂದ ಅಪ್ಪ, ಯಾರಿಗೂ ಹೇಳದೆ ತಾನೇ ಹೋಗಿ ಮುಳುಗಿದ. ಆಸ್ಪತ್ರೆಯ ಕೆಲಸಗಾರರು ಅವನನ್ನು ಎಳೆದು ಹಾಕಿದಾಗ ಕಿವಿಯಿಂದ ರಕ್ತ ಇಳಿಯುತ್ತಿತ್ತಂತೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತಂತೆ. ಮನೆಗೆ ಬಂದು ಗೋಡೆ ಹಿಡಿದು ನಡೆಯುತ್ತಿದ್ದ ಅಪ್ಪನನ್ನು ನೋಡಿ ವಾಷರ್ ಎದೆ ಒಡೆದುಕೊಂಡಳು. ನೆಗಡಿಯೇ ಇರಲಿಲ್ಲವಲ್ಲ. ಒಂದು ಮಾತು ಹೇಳಲು ನಾಚಿಕೆಯಾಗಿ ಅಪ್ಪನನ್ನು ಕೊಲ್ಲಲು ಹೊರಟಿದ್ದೆ ಎಂದು ದಿನಗಟ್ಟಲೆ ತನ್ನನ್ನೇ ಶಪಿಸಿಕೊಂಡಳು.

ಇಷ್ಟಾದರೂ ಹೇಳಿದಳೇ? ಇಲ್ಲ. ನಾಚಿಕೆ ಅಷ್ಟು ಸುಲಭಕ್ಕೆ ಜಗ್ಗುವ ಪ್ರಾಣಿಯಲ್ಲ.

ಈಗ ಕ್ಲಬ್ಬಿನ ಈಜುಕೊಳದ ಕೆಲಸ ಬಂದಿತ್ತು. ಆಳದ ತುದಿಯಲ್ಲಿ, ನೀರು ಹೊರಹೋಗುವ ತೂತಿನ ಜಾಲರಿ ಕಿತ್ತು ಬಂದಿತ್ತು. ಪಂಪಿನ ಸೆಳೆತಕ್ಕೆ ಮಕ್ಕಳ ಕೂದಲೋ ಕೈಯೋ ಸಿಕ್ಕರೆ ಮುಗಿಯಿತು. ಕೆಲಸದ ಮಾರನೆಯ ದಿನವೇ ಅಲ್ಲಿ ಮಕ್ಕಳ ಈಜು ಸ್ಪರ್ಧೆ. ಕ್ಲಬ್ಬಿನ ಮ್ಯಾನೇಜರ್ ಖುದ್ದಾಗಿ ಅಂಗಡಿಗೆ ಬಂದು ಗೋಗರೆದಿದ್ದ. ಈಜು ಬಾರದಿದ್ದರೂ ಕೊರಳಿಗೆ ಸೀಟಿ ನೇತುಹಾಕಿಕೊಂಡು ತಿರುಗುವ ಆಸಾಮಿ ಅವನು. ಅಪ್ಪ ಮಾತು ಕೊಟ್ಟ. ಕೆಲಸಕ್ಕೆ ಹೋಗುವ ದಿನ ಬೆಳಿಗ್ಗೆ ಏಳುವಾಗಲೇ ವಾಷರ್‌ಗೆ ಕೆಳಹೊಟ್ಟೆಯ ಪರಿಚಿತ ನೋವು. ಸುಳ್ಳು ಹೇಳಿದರೆ ಅಪ್ಪ ಮುಳುಗುತ್ತಾನೆ. ನಿಜ ಹೇಳಲು ನಾಲಿಗೆ ಏಳುವುದಿಲ್ಲ. ಉಳಿದದ್ದು ಒಂದೇ ದಾರಿ.

ಆ ದಾರಿಯ ಬಗ್ಗೆ ಅವಳು ಕೇಳಿದ್ದಳು, ಕಂಡಿರಲಿಲ್ಲ. ಔಷಧಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತು, ಅಂಗಡಿಯಾಕೆಗೆ ಮಾತ್ರ ಕೇಳುವ ಹಾಗೆ ಟ್ಯಾಂಪನ್ ಅಂದಳು. ಆಕೆ ಕನ್ನಡಕದ ಮೇಲಿಂದ ನೋಡಿ, ನಿಮ್ಮಪ್ಪ ಪ್ಯಾಡು ತೊಗೊಂಡು ಹೋಗ್ತಾರಲ್ಲ, ಇದು ಯಾಕೆ ಅಂದಳು. ನೀರಿನ ಕೆಲಸ ಅಂದಳು ಇವಳು. ಆಕೆ ಡಬ್ಬಿ ಮುಂದಿಟ್ಟು, ನಾಲ್ಕು ಗಂಟೆಗೊಮ್ಮೆ ಬದಲಾಯಿಸಬೇಕು, ಮರೆತು ಹಾಗೇ ಬಿಟ್ಟರೆ ವಿಷ, ಇನ್ನು ಹಾಕಿಕೊಳ್ಳುವಾಗ ಹೇಗೆಂದರೆ ಎಂದು ಶುರು ಮಾಡುವಷ್ಟರಲ್ಲಿ ಇಬ್ಬರು ಗಂಡಸರು ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು. ವಾಷರ್ ಡಬ್ಬಿ ಕಿತ್ತುಕೊಂಡು ಕಾಲಿಗೆ ಬುದ್ಧಿ ಹೇಳಿದಳು. ದಾರಿಯಲ್ಲೇ ಅದನ್ನು ಹರಿದು, ಒಳಗಿದ್ದ ಪುಟ್ಟ ಪೊಟ್ಟಣಗಳನ್ನು ಉಪಕರಣದ ಚೀಲದಲ್ಲಿ ಅಡಗಿಸಿ, ಅಪ್ಪನ ಕಣ್ಣಿಗೆ ಬೀಳಬಾರದೆಂದು ಡಬ್ಬಿಯನ್ನೂ, ಮಡಚಿಟ್ಟಿದ್ದ ವಿವರಣೆಯ ಹಾಳೆಯನ್ನೂ ಕಸದ ತೊಟ್ಟಿಗೆಸೆದಳು. ಬುದ್ಧಿವಂತೆ ಎಂದುಕೊಂಡಳು ಕೂಡ.

ಪ್ಲಂಬರನ ಮಗಳು ಯಾವುದನ್ನೂ ಪರೀಕ್ಷೆ ಮಾಡದೆ ಜೋಡಿಸುವವಳಲ್ಲ. ಒಳಗೆ ಕೂರಿಸಿಕೊಳ್ಳಬೇಕಾದ ಬೆರಳಿನಷ್ಟು ಹತ್ತಿಯ ತುಂಡು, ತುದಿಗೊಂದು ದಾರ. ಇದು ನೀರಿನಲ್ಲಿ ಏನಾಗುತ್ತದೆ? ತಮ್ಮ ಅಂಗಡಿಗೆ ಮರಳಿ, ಸ್ಟೀಲ್ ಲೋಟಕ್ಕೆ ನೀರು ತುಂಬಿ, ಒಂದನ್ನು ಮುಳುಗಿಸಿ, ದಾರವನ್ನು ಲೋಟದ ಅಂಚಿನಿಂದ ಹೊರಗೆ ಇಳಿಬಿಟ್ಟು ಮೇಜಿನ ಮೇಲಿಟ್ಟಳು. ಹತ್ತಿ ಕಣ್ಣೆದುರೇ ಮೂರು ಪಟ್ಟು ಉಬ್ಬಿತು. ಕೊಳದ ನೀರೆಲ್ಲ ಕುಡಿದು ಹೀಗೆ ಉಬ್ಬಿದರೆ ಗತಿಯೇನು ಎಂದು ನೋಡುತ್ತ ನಿಂತಿರುವಾಗಲೇ ಹಿಂದಿನಿಂದ ಅಪ್ಪ ಬಂದ. ಲೋಟ ಎತ್ತಿಕೊಂಡ.

ಅವಳಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಏನಿದು ಎಂದು ಅಪ್ಪ ಹುಬ್ಬೇರಿಸಿದ. ಹೊಸ ನಮೂನೆಯ ಫಿಲ್ಟರ್, ಯಾರೋ ಸ್ಯಾಂಪಲ್ ಕೊಟ್ಟರು ಎಂದು ತುಟಿ ಅಲ್ಲಾಡಿಸಿದಳು. ಅಪ್ಪನಿಗೆ ಕೆಲಸದ ವಸ್ತು ಕಂಡರೆ ಮುಗಿಯಿತು, ಮೈಮರೆಯುತ್ತಾನೆ. ಹತ್ತಿಯನ್ನು ಹೊರತೆಗೆದು ಹಿಂಡಿದ, ಬೆಳಕಿಗೆ ಹಿಡಿದ, ಒಳ್ಳೇ ಮಾಲು ಎಂದು ತಲೆದೂಗಿದ. ಆಮೇಲೆ ಮೇಜಿನ ಮೇಲೆ ದಾರದ ತುದಿಯಿಂದ ತೊಟ್ಟಿಕ್ಕಿ ಹರಿದಿದ್ದ ಒದ್ದೆ ಗೆರೆಯನ್ನು ಬೆರಳಿನಿಂದ ತೋರಿಸಿದ.

“ಬಾಲ ಹೊರಗೆ ಬಿಟ್ಟಿದ್ದೀಯ. ದಾರ ಹೊರಗಿದ್ರೆ ನೀರು ಅದನ್ನ ಹಿಡ್ಕೊಂಡು ಬಂದೇ ಬರುತ್ತೆ. ಎಷ್ಟು ಸಲ ಹೇಳಿದ್ದೀನಿ, ಬಾಲ ಒಳಗೆ ಮಡಚಬೇಕು ಅಂತ.”

ಪೈಪಿನ ತಿರುಪಿಗೆ ಸೆಣಬಿನ ದಾರ ಸುತ್ತುವಾಗ ಅವನು ಅವಳಿಗೆ ಕಲಿಸಿದ ಮೊದಲ ಪಾಠವೇ ಅದು. ಜಾಯಿಂಟಿನ ಹೊರಗೆ ಎಳೆಯಷ್ಟು ದಾರ ಉಳಿದರೂ ಅದೇ ಸೋರಿಕೆಗೆ ದಾರಿ. ಅಪ್ಪ ಲೋಟವನ್ನು ತೊಳೆದಿಟ್ಟು ಹಗ್ಗ ಹುಡುಕಲು ಹೋದ. ಮುಖದ ಬೆಂಕಿ ಆರುವವರೆಗೂ ವಾಷರ್ ಇಕ್ಕಳದ ಹಿಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಳು. ಆದರೆ ಪಾಠ ಮನಸ್ಸಿಗೆ ಇಳಿದಿತ್ತು.

ಕ್ಲಬ್ಬಿನಲ್ಲಿ ಅಂದು ಈಜುವವರಿಗೆ ರಜೆ. ಗೋಡೆಯಿಂದ ಗೋಡೆಗೆ ಬಿಳಿ ಟೈಲ್ಸು, ಎತ್ತರದ ಗಾಜಿನ ಮಾಡು, ಚಮಚ ಬಿದ್ದರೂ ನಾಲ್ಕು ಸಲ ಕೇಳಿಸುವ ಹಾಲ್. ಹೆಂಗಸರ ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅವಳು ಯುದ್ಧಕ್ಕೆ ನಿಂತಳು. ಮೊದಲನೆಯದು ಅರ್ಧಕ್ಕೇ ನಿಂತು ಉರಿಯಿತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ಬಿಸಾಡಿ, ಗೋಡೆಗೊರಗಿ, ಒತ್ತಾಯಕ್ಕೆ ಕೂರಿಸಿದ ತಿರುಪು ಹಾಳಾಗುತ್ತದೆ, ಸಡಿಲ ಬಿಟ್ಟು ಓರೆ ಹಿಡಿದು ನೋಡು ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಕಾಲನ್ನು ಕಮೋಡಿನ ಮೇಲಿಟ್ಟು, ಉಸಿರು ಬಿಟ್ಟು, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಿದಳು. ಕೂತಿತು. ಕೂತದ್ದೇ ಗೊತ್ತಾಗಲಿಲ್ಲ. ದಾರವೊಂದು ಹೊರಗೆ ನೇತಾಡುತ್ತಿತ್ತು. ಬಾಲ. ಅದನ್ನು ನೀಟಾಗಿ ಮಡಚಿ, ಒಳಗೆ ಆದಷ್ಟು ಮೇಲಕ್ಕೆ ಸೇರಿಸಿಬಿಟ್ಟಳು. ಅಪ್ಪನ ಮಗಳಲ್ಲವೇ.

ಕಪ್ಪು ಈಜುಡುಗೆಯ ಮೇಲೆ ಚಡ್ಡಿ ತೊಟ್ಟು ಹೊರಬಂದಾಗ ಇಡೀ ಹಾಲ್ ತನ್ನ ನಡಿಗೆಯನ್ನೇ ನೋಡುತ್ತಿದೆ ಅನ್ನಿಸಿತು. ನೋಡಲು ಇದ್ದದ್ದು ಅಪ್ಪ ಮತ್ತು ಮ್ಯಾನೇಜರ್ ಇಬ್ಬರೇ. ಅವರು ಪಂಪಿನ ಬಗ್ಗೆ ಮಾತಾಡುತ್ತಿದ್ದರು. ಅಪ್ಪ ಅವಳ ಸೊಂಟಕ್ಕೆ ಹಗ್ಗ ಕಟ್ಟಿದ. ಇಳಿದಳು. ತಳದಲ್ಲಿ ಬೋಲ್ಟಿನ ತೂತುಗಳು ಸವೆದು ಹೋಗಿದ್ದವು. ಮತ್ತೆ ಮತ್ತೆ ಮುಳುಗಿ, ನೀರಿನಲ್ಲೇ ಗಟ್ಟಿಯಾಗುವ ಪುಟ್ಟಿಯನ್ನು ತೂತುಗಳಿಗೆ ತುಂಬಿ, ಬೋಲ್ಟುಗಳನ್ನು ಸುಮ್ಮನೆ ನೆಟ್ಟು ಬಂದಳು. ಒಂದು ಸಲವೂ ನೀರು ಬಣ್ಣ ತಿರುಗಲಿಲ್ಲ. ಒಂದು ಹನಿಯೂ ಸೋರಲಿಲ್ಲ. ಪುಟ್ಟಿ ಹಿಡಿಯಲು ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಆಮೇಲೆ ಕೊನೆಯ ಸಲ ಇಳಿದು ಬಿಗಿದರೆ ಆಯಿತು. ಬುತ್ತಿ ಬಿಚ್ಚಿ ಅಪ್ಪನ ಜತೆ ಉಣ್ಣುವಾಗ ಅವಳಿಗೆ ಒಳಗೊಳಗೇ ಒಂದು ಬಗೆಯ ಹೆಮ್ಮೆ. ಗುಟ್ಟು ಗುಟ್ಟಾಗಿಯೇ ಉಳಿದಿತ್ತು, ಅಪ್ಪ ದಡದ ಮೇಲಿದ್ದ.

ಕೈ ತೊಳೆದು, ಬದಲಾಯಿಸಲೆಂದು ಮತ್ತೆ ಆ ಕೋಣೆ ಹೊಕ್ಕಳು. ದಾರ ಹುಡುಕಿದಳು. ಇರಲಿಲ್ಲ.

ಬೆರಳಿಗೆ ಏನೂ ಸಿಗಲಿಲ್ಲ. ಹುಡುಕಿದಷ್ಟೂ ಮೈ ಬಿಗಿಯಾಯಿತು, ಬಿಗಿಯಾದಷ್ಟೂ ಏನೂ ಸಿಗಲಿಲ್ಲ. ಲೋಟದಲ್ಲಿ ಉಬ್ಬಿದ್ದ ಹತ್ತಿ ಕಣ್ಣ ಮುಂದೆ ಬಂತು. ಮರೆತು ಬಿಟ್ಟರೆ ವಿಷ ಎಂದ ಅಂಗಡಿಯಾಕೆಯ ಮಾತು ನೆನಪಾಯಿತು. ಹೊಟ್ಟೆಯೊಳಗೆ ಎಲ್ಲಿಗಾದರೂ ಹೋಗಿಬಿಟ್ಟಿದ್ದರೆ? ಆಸ್ಪತ್ರೆಯಲ್ಲಿ ಸೀಳಿ ತೆಗೆಯಬೇಕಾದರೆ? ಅಪ್ಪನಿಗೆ ಏನೆಂದು ಹೇಳುವುದು, ಫಿಲ್ಟರ್ ಒಳಗೆ ಹೋಗಿದೆ ಅಂತಲೇ? ಅವಳಿಗೆ ನಗು ಬರಲಿಲ್ಲ. ತಣ್ಣನೆಯ ಟೈಲ್ಸಿನ ಮೇಲೆ ಕುಸಿದು ಕೂತು, ಹನ್ನೆರಡು ವರ್ಷದವಳ ಹಾಗೆಯೇ ಬಿಕ್ಕಿದಳು. ಎಷ್ಟು ಹೊತ್ತು ಕೂತಿದ್ದಳೋ. ಹೊರಗೆ ಮ್ಯಾನೇಜರನ ಸೀಟಿ ಎರಡು ಸಲ ಕೂಗಿತು.

ಕಮೋಡಿನ ಮೇಲೇರಿ ಗಾಳಿಕಿಂಡಿಯಿಂದ ನೋಡಿದಳು. ಮ್ಯಾನೇಜರ್ ಗಡಿಯಾರ ತೋರಿಸುತ್ತಿದ್ದ. ಅಪ್ಪ ಹೆಂಗಸರ ಕೋಣೆಯ ಕಡೆ ಒಮ್ಮೆ ನೋಡಿದ. ಮಗಳಿಗೆ ಸುಸ್ತಾಗಿದೆ, ತೊಂದರೆ ಕೊಡುವುದು ಬೇಡ ಎಂದು ಅವನು ಮ್ಯಾನೇಜರಿಗೆ ತನ್ನ ಮಾಮೂಲು ಎತ್ತರದ ದನಿಯಲ್ಲಿ ಹೇಳಿದ್ದು ಇಲ್ಲಿಗೇ ಕೇಳಿಸಿತು. ಆಮೇಲೆ ಅಂಗಿಯ ಗುಂಡಿ ಬಿಚ್ಚತೊಡಗಿದ. ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡ. ಅದರ ಇನ್ನೊಂದು ತುದಿಯನ್ನು ಗೋಡೆಯುದ್ದಕ್ಕೂ ಹೋಗಿದ್ದ ದಪ್ಪ ನೀರಿನ ಪೈಪಿಗೆ ಬಿಗಿಯಲು ಬಾಗಿದ.

ಅಪ್ಪಾ ಎಂದು ಕೂಗಿದಳು. ಅವನು ತಿರುಗಲಿಲ್ಲ. ಮ್ಯಾನೇಜರ್ ಮಾತ್ರ ಸುತ್ತಮುತ್ತ ನೋಡಿದ, ದನಿ ಎಲ್ಲಿಂದ ಬಂತೆಂದು ಆ ಪ್ರತಿಧ್ವನಿಯಲ್ಲಿ ಯಾರಿಗೆ ತಿಳಿದೀತು. ಅವಳು ಕೆಳಗೆ ಹಾರಿ, ಚೀಲದಿಂದ ಪಾನಾ ಎಳೆದು, ಬೇಸಿನ್ನಿನ ಕೆಳಗೆ ಬಂದಿದ್ದ ಅದೇ ಪೈಪಿನ ಕವಲಿಗೆ ಬಡಿದಳು. ಒಂದು, ಎರಡು, ಮೂರು. ಮತ್ತೆ ಮೂರು. ಎಲ್ಲ ಬಿಟ್ಟು ಬಾ.

ಅಪ್ಪನ ಕೈ ಪೈಪಿನ ಮೇಲೇ ಇತ್ತು. ಅವನು ಓಡಿ ಬಂದ. ಬಾಗಿಲು ಬಡಿದು, ಏನಾಯಿತೆಂದು ಕೇಳಿದ. ಅವಳು ಸಿಕ್ಕಿಹಾಕಿಕೊಂಡಿದೆ ಎಂದು ಕೂಗಿದಳು. ಬಾಗಿಲೇ ಎಂದು ಕೇಳಿ ಅವನಾಗಲೇ ಕೀಲಿಗೆ ಸ್ಕ್ರೂ ಡ್ರೈವರ್ ಇಟ್ಟ ಸದ್ದು ಬಂತು. ಬಾಗಿಲಲ್ಲ ಎಂದಳು. ಅವನಿಗೆ ಕೇಳಿಸಲಿಲ್ಲ. ತುಟಿ ನೋಡಲು ಬಾಗಿಲು ಅಡ್ಡ, ಬಾಗಿಲು ತೆರೆಯಲು ಅವಳಿದ್ದ ಸ್ಥಿತಿ ಅಡ್ಡ. ಮೊದಲ ಸ್ಕ್ರೂ ಕೆಳಗೆ ಬಿತ್ತು. ವಾಷರ್ ಕಣ್ಣು ಮುಚ್ಚಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕಿರುಚಿದಳು.

“ನಾನು ಮುಟ್ಟಾಗಿದ್ದೀನಿ ಅಪ್ಪ. ಬೆಳಿಗ್ಗೆ ನೀನು ನೋಡಿದ್ದು ಫಿಲ್ಟರ್ ಅಲ್ಲ. ಒಳಗೆ ಹಾಕ್ಕೊಳ್ಳೋದು ಅದು. ಹೊರಗೆ ಬರ್ತಿಲ್ಲ.”

ಮುಟ್ಟಾಗಿದ್ದೀನಿ ಎಂದು ಬಿಳಿ ಟೈಲ್ಸುಗಳು ಮತ್ತೊಮ್ಮೆ ಹೇಳಿದವು. ಆಳದ ತುದಿಯಿಂದ ಇನ್ನೊಮ್ಮೆ ಕೇಳಿಸಿತು. ಮ್ಯಾನೇಜರನ ಸೀಟಿಯೂ ಉಸಿರೆತ್ತಲಿಲ್ಲ.

“ದಾರ?” ಎಂದ ಅಪ್ಪ. ಬಲಗಿವಿಯನ್ನು ಬಾಗಿಲಿಗೆ ಒತ್ತಿಕೊಂಡಿರಬೇಕು, ದನಿ ತೀರಾ ಹತ್ತಿರದಿಂದ ಬಂತು.

“ಒಳಗೆ ಮಡಚಿದೆ. ನೀನೇ ಹೇಳಿದ್ದಲ್ವಾ” ಎಂದು ಮತ್ತೆ ಕಿರುಚಿದಳು.

ಬಾಗಿಲಿನಾಚೆ ಸ್ಕ್ರೂ ಡ್ರೈವರ್ ಕೆಳಗೆ ಬಿತ್ತು. ನಂತರ ಚಪ್ಪಲಿಯ ಸಪ್ಪಳ, ಮೊದಲು ನಡಿಗೆ, ಆಮೇಲೆ ಓಟ. ದೂರದಲ್ಲಿ ಅವರ ವ್ಯಾನು ಶುರುವಾಯಿತು. ಅಪ್ಪ ಹೊರಟುಹೋಗಿದ್ದ.

ಅವಳಿಗೆ ಅಳುವೂ ಬರಲಿಲ್ಲ. ಅಂದೂ ಹೀಗೇ ಹೋಗಿದ್ದ, ಇಂದೂ ಹೋದ. ಕಿರುಚಿ ಕಿರುಚಿ ಹೇಳಿಸಿಕೊಂಡು ಹೋದ. ಬೆತ್ತಲೆಯಾಗಿ ಬೀದಿಯಲ್ಲಿ ನಿಂತರೂ ಇಷ್ಟು ಅವಮಾನವಾಗುತ್ತಿರಲಿಲ್ಲ ಅನ್ನಿಸಿತು. ಇನ್ನು ಅವನ ಎದುರು ಕೂತು ಉಣ್ಣುವುದು ಹೇಗೆ, ಆ ಮೇಜಿನ ಮೇಲೆ ಲೋಟ ಇಡುವುದು ಹೇಗೆ. ಹತ್ತಿ ಒಳಗೇ ಇದ್ದು ವಿಷವಾಗಿಬಿಡಲಿ ಎಂದು ಕೂಡ ಒಂದು ಗಳಿಗೆ ಅಂದುಕೊಂಡಳು. ಮೊಣಕಾಲ ನಡುವೆ ತಲೆಯಿಟ್ಟು ಕೂತಳು. ಹೊರಗೆ ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡು, ಮೇಡಂ, ನೀರೇನಾದರೂ ಬೇಕಾ ಎಂದು ಕೇಳಿದ. ಹತ್ತು ಲಕ್ಷ ಲೀಟರ್ ನೀರಿನ ಪಕ್ಕದಲ್ಲಿ ನಿಂತು ಕೇಳುವ ಮಾತೇ ಅದು.

ವ್ಯಾನು ವಾಪಸು ಬಂತು. ಚಪ್ಪಲಿಯ ಸಪ್ಪಳ ಓಡುತ್ತಲೇ ಬಂದು ಬಾಗಿಲ ಬಳಿ ನಿಂತಿತು. ಬಾಗಿಲಿಗೆ ಬೆನ್ನು ಒರಗಿಸಿದ ಸದ್ದಾಯಿತು. ಅಪ್ಪ ಏದುಸಿರು ಬಿಡುತ್ತಿದ್ದ.

“ವಾಷರ್, ಔಷಧಿ ಅಂಗಡಿಯಾಕೆ ಹೇಳಿದ್ದು ಹೇಳ್ತೀನಿ ಕೇಳು. ನಾನು ಹೇಳ್ತಿರೋದಲ್ಲ, ಅವರು ಹೇಳಿದ್ದು. ಅದು ಎಲ್ಲೂ ಹೋಗಲ್ವಂತೆ. ಆ ಕಡೆ ದಾರಿನೇ ಇಲ್ವಂತೆ. ಒಂದು ಕಡೆ ಮುಚ್ಚಳ ಹಾಕಿದ ಪೈಪಿನ ಹಾಗೆ. ಪೈಪಿನ ಮಾತು ನನ್ನದು.”

ಕಿವುಡನ ದನಿ. ಅವನಿಗೆ ತನ್ನ ಮಾತು ಎಷ್ಟು ದೊಡ್ಡದೆಂದು ತಿಳಿಯದು. ಗಾಜಿನ ಮಾಡಿಗೆ ತಗುಲಿ ಒಂದೊಂದು ಮಾತೂ ತಿರುಗಿ ಬರುತ್ತಿತ್ತು. ಕೈಗೆ ಸೋಪು ಹಾಕಿ ತೊಳೆಯಬೇಕಂತೆ. ಗಾಬರಿಯಾದರೆ ಬಿಗಿಯಾಗುತ್ತಂತೆ, ಉಸಿರು ಬಿಡಬೇಕಂತೆ. ಕುಕ್ಕರುಗಾಲಿನಲ್ಲಿ ಕೂರಬೇಕಂತೆ. ಕೆಳಗೆ ತಿಣುಕಬೇಕಂತೆ, ಕೆಮ್ಮಬೇಕಂತೆ. ಕೆಮ್ಮಿದರೆ ಅದು ತಾನೇ ಕೆಳಗೆ ಬರುತ್ತಂತೆ, ಆಗ ಬೆರಳಿಗೆ ಸಿಗುತ್ತಂತೆ. ಸಿಗದಿದ್ದರೆ ಡಾಕ್ಟರಮ್ಮನ ಹತ್ತಿರ ಹೋಗೋಣ, ವ್ಯಾನು ಬಾಗಿಲಲ್ಲೇ ಇದೆ, ಅವರು ಇಂಥದ್ದನ್ನ ದಿನಾ ನೋಡುತ್ತಾರಂತೆ. ಪ್ರತಿ ಮಾತಿಗೂ ಒಂದು ಅಂತೆ ಸೇರಿಸಿ, ಜಾರುವ ಮೆಟ್ಟಿಲಿನ ಮೇಲೆ ಕಂಬಿ ಹಿಡಿದವನ ಹಾಗೆ ಅದನ್ನು ಹಿಡಿದುಕೊಂಡು ಅಪ್ಪ ಕೊನೆಯವರೆಗೂ ಹೇಳಿದ. ಹೇಳಿ ಮುಗಿಸಿ, ಹೇಗೆಂದು ತೋರಿಸಲೋ ಏನೋ, ತಾನೂ ಜೋರಾಗಿ ಕೆಮ್ಮಿದ.

ಅವಳು ಕೈ ತೊಳೆದಳು. ಕುಕ್ಕರುಗಾಲಿನಲ್ಲಿ ಕೂತಳು. ಅಡುಗೆಮನೆ ಸಿಂಕುಗಳ ಕೆಳಗೆ ಅವಳು ಜೀವಮಾನವಿಡೀ ಕೂತದ್ದು ಹಾಗೆಯೇ. ಅವಳು ಒಳಗೆ ಕೆಮ್ಮಿದಳು, ಅಪ್ಪ ಹೊರಗೆ ಕೆಮ್ಮಿದ. ಇಬ್ಬರೂ ಸ್ವಲ್ಪ ಹೊತ್ತು ಹಾಗೆ ಕೆಮ್ಮಿದರು. ಬೆರಳಿಗೆ ಮೊದಲು ಹತ್ತಿ ತಗುಲಿತು, ಆಮೇಲೆ ಅದರ ಪಕ್ಕದಲ್ಲಿ ಮುದುಡಿದ್ದ ದಾರ. ನಿಧಾನಕ್ಕೆ ಎಳೆದಳು. ಬಂತು. ಲೋಟದಲ್ಲಿ ಉಬ್ಬಿದ್ದರ ಅರ್ಧದಷ್ಟೂ ಇರಲಿಲ್ಲ. ಇಷ್ಟಕ್ಕೇ ಇಷ್ಟು ರಂಪ ಎಂದು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಪಾನಾ ತೆಗೆದು ಪೈಪಿಗೆ ಒಂದು ಸಲ ಬಡಿದಳು. ಅಪ್ಪ ಪೈಪು ಹಿಡಿದಿದ್ದನೋ ಇಲ್ಲವೋ, ಬಾಗಿಲ ಮೇಲಿದ್ದ ಭಾರ ಇಳಿಯಿತು. ಹೊಸದೊಂದು ಹಾಕಿಕೊಳ್ಳುವಾಗ ದಾರ ಹೊರಗೇ ಇರಬೇಕಂತೆ, ಅದು ಇರುವುದೇ ಅದಕ್ಕಂತೆ, ಆ ವಿಷಯದಲ್ಲಿ ತನ್ನದೇ ತಪ್ಪು ಎಂದು ಹೇಳಿ ಅಲ್ಲಿಂದ ದೂರ ಹೋದ. ತಪ್ಪು ಎಂದು ಅಪ್ಪ ಕೆಲಸದ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಹಾಗೆಯೇ ಹೊಸದೊಂದು ಹಾಕಿಕೊಂಡು ಹೊರಬಂದಾಗ ಮ್ಯಾನೇಜರ್ ಗೋಡೆಯ ಮೇಲಿನ ಸುರಕ್ಷತಾ ಸೂಚನೆಗಳನ್ನು ಪರೀಕ್ಷೆಗೆ ಓದುವ ಹುಡುಗನ ಹಾಗೆ ಓದುತ್ತಿದ್ದ. ಅಪ್ಪ ಅಂಗಿ ತೊಟ್ಟಿದ್ದ, ಗುಂಡಿಗಳು ಒಂದು ಮನೆ ತಪ್ಪಿ ಬಿದ್ದಿದ್ದವು. ಅವಳು ತಲೆಯೆತ್ತದೆ ಹೋಗಿ ದಡದಲ್ಲಿ ನಿಂತಳು. ಅವನು ಅವಳ ಸೊಂಟಕ್ಕೆ ಹಗ್ಗ ಸುತ್ತಿ, ಗಂಟಿನ ಮೇಲೇ ಕಣ್ಣು ನೆಟ್ಟು ಮಾತಾಡಿದ. ಅವಳ ತುಟಿ ನೋಡದ ಮೇಲೆ ಅವಳು ಉತ್ತರ ಕೊಡುವ ಪ್ರಶ್ನೆಯೇ ಇರಲಿಲ್ಲ.

“ನಿನಗೆ ಮೊದಲ ಸಲ ಆದಾಗ, ಆ ಅಂಗಡಿ ಎದುರು ಸಂಜೆವರೆಗೂ ನಿಂತಿದ್ದೆ. ಒಬ್ಬರು ಹೋದ್ರೆ ಇನ್ನೊಬ್ಬರು ಬರೋರು. ನನ್ನ ದನಿ ಎಲ್ಲರಿಗೂ ಕೇಳುತ್ತೆ ಅಂತ ಗೊತ್ತು. ನನ್ನ ಮಗಳ ವಿಷಯ ಬೀದಿಗೆಲ್ಲ ಕೇಳೋದು ಬೇಡ ಅಂತ, ಅಂಗಡಿ ಖಾಲಿ ಆಗಲಿ ಅಂತ ಕಾಯ್ತಾ ಇದ್ದೆ. ನೀನು ಒಬ್ಬಳೇ ಬಚ್ಚಲಲ್ಲಿ ಕೂತಿದ್ದೆ. ನಾನು ಕಾಯ್ತಾ ಇದ್ದೆ.” ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. “ಇವತ್ತು ಅಂಗಡಿ ತುಂಬ ಜನ ಇದ್ರು. ಕಾಯಲಿಲ್ಲ.”

ಅಂದರೆ ಅಂಗಡಿಯ ಜನರ ನಡುವೆ ನಿಂತು, ಈ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಕೇಳಿಕೊಂಡು ಬಂದಿದ್ದಾನೆ. ಆ ಬೀದಿಯಲ್ಲಿ ಇನ್ನು ಅವಳಿಗೆ ತಲೆಯೆತ್ತಿ ನಡೆಯುವ ಹಾಗಿಲ್ಲ. ಮುಖ, ಕಿವಿ, ಕುತ್ತಿಗೆ ಎಲ್ಲ ಉರಿಯತೊಡಗಿತು. ಅಪ್ಪನ ಕಿವಿಗಳೂ ಅಂದಿನ ಹಾಗೆಯೇ ಕೆಂಪಾಗಿದ್ದವು. ಹೇಸಿಗೆಯ ಬಣ್ಣ ಎಂದು ಅವಳು ಹನ್ನೊಂದು ವರ್ಷ ನಂಬಿಕೊಂಡು ಬಂದದ್ದು ಅದನ್ನೇ. ಏನಾದರೂ ಹೇಳಬೇಕೆನಿಸಿತು. ಅವನು ಇನ್ನೂ ಗಂಟನ್ನೇ ನೋಡುತ್ತಿದ್ದ. ಅವಳು ಅವನ ಅಂಗಿಯ ತಪ್ಪಿದ ಗುಂಡಿಯೊಂದನ್ನು ಬಿಚ್ಚಿ ಸರಿಯಾಗಿ ಹಾಕಿ, ನೀರಿಗಿಳಿದಳು.

ತಳದಲ್ಲಿ ಪುಟ್ಟಿ ಕಲ್ಲಿನ ಹಾಗೆ ಹಿಡಿದಿತ್ತು. ಮುಖ ಅಲ್ಲೂ ಬಿಸಿಯಾಗಿಯೇ ಇತ್ತು. ಅಷ್ಟು ನೀರಿಗೂ ಅದು ಆರಲಿಲ್ಲ. ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು. ಕೊನೆಯದನ್ನು ಮುಗಿಸಿ, ಜಾಲರಿಯನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿ ನೋಡಿ, ಹಗ್ಗವನ್ನು ಒಂದು ಸಲ ಎಳೆದಳು. ಚೆನ್ನಾಗಿದ್ದೇನೆ ಅನ್ನುವುದು ಪೂರ್ತಿ ನಿಜವಲ್ಲದಿದ್ದರೂ ಹೇಳುವುದು ವಾಡಿಕೆ.

ಮೇಲಕ್ಕೆ ಕಾಲು ಒದೆಯುವ ಮೊದಲು ಹಗ್ಗ ಸೊಂಟದ ಬಳಿ ಅಲುಗಿತು. ಮೇಲಿನಿಂದ ಅಪ್ಪ ಎಳೆದಿದ್ದ. ಒಂದು ಸಲ, ಮೆಲ್ಲಗೆ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ತಿರುಗಿ ಹೇಳಿದ್ದು ಇಲ್ಲವೇ ಇಲ್ಲ. ಎದೆಯಲ್ಲಿ ಇನ್ನೂ ಸ್ವಲ್ಪ ಉಸಿರು ಉಳಿದಿತ್ತು. ಅವಳು ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಇನ್ನೊಂದು ಗಳಿಗೆ ಅಲ್ಲೇ ಕೂತಿದ್ದು, ಆಮೇಲೆ ಪಾನಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಕ್ಕೆ ಹೊರಟಳು.